ಪ್ಲೇಟ್‌ಲೆಟ್ ಲೈಸೇಟ್: ಎರಡು ಮಳೆಗಾಲ ಬಳಸಿದ ಮೇಲೆ

ಮಂಗಳೂರಿನ ಒಂದು ಮೆಡಿಕಲ್ ಕಾಲೇಜಿನ ಸೆಲ್ ಕಲ್ಚರ್ ಲ್ಯಾಬಿನಲ್ಲಿ ನನ್ನ ಕೆಲಸ. ಒಂಬತ್ತು ವರ್ಷವಾಯಿತು. ಹೊಕ್ಕುಳಬಳ್ಳಿಯಿಂದ, ಕೆಲವೊಮ್ಮೆ ಮೂಳೆಮಜ್ಜೆಯಿಂದ ಮೆಸೆಂಕೈಮಲ್ ಸ್ಟೆಮ್ ಸೆಲ್ ತೆಗೆದು ಫ್ಲಾಸ್ಕಿನಲ್ಲಿ ಬೆಳೆಸುತ್ತೇನೆ. ಮೂಳೆ, ಕೊಬ್ಬು, ಕೀಲಿನ ಕಾರ್ಟಿಲೇಜ್ ಈ ಮೂರೂ ಆಗಬಲ್ಲ ಕೋಶಗಳು ಇವು. ಸವೆದ ಮೊಣಕಾಲು, ರಕ್ತ ಸಂಚಾರ ನಿಂತು ಕಪ್ಪಾಗುತ್ತಿರುವ ಕಾಲು, ಇಂಥ ತೊಂದರೆಗಳಿಗೆ ಔಷಧಿಯಾಗಬಹುದಾ ಎಂದು ಹಲವು ದೇಶಗಳಲ್ಲಿ ಪರೀಕ್ಷೆ ನಡೆಯುತ್ತಿರುವುದು ಇವುಗಳ ಮೇಲೆಯೇ.

ಈ ಕೋಶಗಳಿಗೂ ಊಟ ಬೇಕು. ನಾನು ಬರೆಯುತ್ತಿರುವುದು ಆ ಊಟದ ಬಗ್ಗೆ. ಹ್ಯೂಮನ್ ಪ್ಲೇಟ್‌ಲೆಟ್ ಲೈಸೇಟ್ ಎಂದು ಬಾಟಲಿಯ ಮೇಲೆ ಇರುತ್ತದೆ, ಅಂದರೆ ಮನುಷ್ಯರ ರಕ್ತದ ಪ್ಲೇಟ್‌ಲೆಟ್ ಒಡೆದು ತೆಗೆದ ದ್ರವ. ನಮ್ಮ ಬಾಯಲ್ಲಿ ಎಚ್‌ಪಿಎಲ್. ಗಟ್ಟಿಯಾಗಿ ಫ್ರೀಜ್ ಆಗಿ ಬರುತ್ತದೆ. ಕರಗಿದರೆ ತಿಳಿ ಹಳದಿ, ಸ್ವಲ್ಪ ಮಸುಕು. ಗಂಜಿ ತಿಳಿಗೆ ಒಂದು ಚಿಟಿಕೆ ಅರಿಶಿನ ಬಿದ್ದ ಹಾಗೆ.

ಎರಡು ವರ್ಷದಲ್ಲಿ ಮೂರು ಕಂಪನಿಗಳ ಬಾಟಲಿ ಬಳಸಿದ್ದೇವೆ. ನಾವೇ ತಯಾರಿಸಿಕೊಂಡದ್ದೂ ಇದೆ. ಕಂಪನಿಗಳ ಹೆಸರು ಬರೆಯುವುದಿಲ್ಲ. ಇದು ಲಾಟ್‌ನಿಂದ ಲಾಟ್‌ಗೆ, ಅಂದರೆ ಒಂದು ಸಲ ಒಟ್ಟಿಗೆ ತಯಾರಾದ ಬಾಟಲಿಗಳಿಂದ ಇನ್ನೊಂದು ಸಲದವಕ್ಕೆ, ಬದಲಾಗುವ ಸಾಮಾನು. ಒಂದು ಲಾಟ್ ನೋಡಿ ಕಂಪನಿಗೇ ಅಂಕ ಕೊಟ್ಟರೆ ಅದು ಅನ್ಯಾಯ. ಆದರೆ ಈ ಸಾಮಾನು ಎಂಥದ್ದು, ಯಾರು ತಗೊಳ್ಳಬೇಕು, ಎಲ್ಲಿ ಕೈ ಕೊಡುತ್ತದೆ ಅನ್ನುವುದನ್ನು ಧೈರ್ಯವಾಗಿ ಹೇಳಬಲ್ಲೆ.

ಮೊದಲು ನಾವು ಏನು ಬಳಸುತ್ತಿದ್ದೆವು ಅಂತ ಹೇಳಬೇಕು. ಎಫ್‌ಬಿಎಸ್, ಅಂದರೆ ಫೀಟಲ್ ಬೋವೈನ್ ಸೀರಮ್. ಗಬ್ಬದ ಹಸುವನ್ನು ಕಸಾಯಿಖಾನೆಯಲ್ಲಿ ಕಡಿದಾಗ ಹೊಟ್ಟೆಯೊಳಗಿನ ಕರುವಿನ ಹೃದಯಕ್ಕೆ ಸೂಜಿ ಹಾಕಿ ರಕ್ತ ತೆಗೆಯುತ್ತಾರೆ. ಅದು ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯೇ ಈ ಸೀರಮ್. ಪ್ರಪಂಚದ ಹೆಚ್ಚಿನ ಲ್ಯಾಬುಗಳು ನಡೆಯುವುದು ಇದರ ಮೇಲೆಯೇ. ಎಂಎಸ್ಸಿ ಓದುವಾಗ ನಮಗೆ ಇದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. 'ಟೆನ್ ಪರ್ಸೆಂಟ್ ಎಫ್‌ಬಿಎಸ್ ಹಾಕಿ' ಅಂತ ಅಷ್ಟೇ. ಮೀಡಿಯಾ ಅಂದರೆ ಕೋಶ ಬೆಳೆಯುವ ಪೋಷಕ ದ್ರವ. 500 ಎಂಎಲ್ ಮೀಡಿಯಾಕ್ಕೆ 50 ಎಂಎಲ್. ನಾನೂ ವರ್ಷಗಟ್ಟಲೆ ಹಾಕುತ್ತಲೇ ಬಂದೆ.

ಒಂದು ದಿನ ನಮ್ಮ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಹೊಕ್ಕುಳಬಳ್ಳಿ ತರಲು ಹೋಗಿದ್ದೆ. ತಾಯಿಯ ಒಪ್ಪಿಗೆ ಪತ್ರಕ್ಕೆ ಮೊದಲೇ ಸಹಿಯಾಗಿತ್ತು. ಬಳ್ಳಿಯನ್ನು ಡಬ್ಬಿಗೆ ಹಾಕಿ, ಐಸ್ ತುಂಬಿದ ಪೆಟ್ಟಿಗೆಯಲ್ಲಿಟ್ಟು ಹೊರಡುವಾಗ ಬಾಣಂತಿಯ ಅಜ್ಜಿ ನನ್ನ ಕೈ ಹಿಡಿದು ನಿಲ್ಲಿಸಿದರು.

"ಮಗಾ, ಅದನ್ನು ಎಂತ ಮಾಡುದು ನೀವು?"

"ಅಜ್ಜಿ, ಅದರೊಳಗೆ ಜೀವ ಇರುವ ಕಣ ಇದೆ. ಅದನ್ನು ಬೆಳೆಸ್ತೇವೆ. ಮುಂದೆ ಯಾರದ್ದಾದ್ರೂ ಕಾಲು ನೋವಿಗೆ ಆದೀತು."

ಅಜ್ಜಿ ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡಿದರು. ಆಮೇಲೆ ಕೇಳಿದರು: "ಅದಕ್ಕೆ ತಿನ್ಲಿಕ್ಕೆ ಎಂತ ಕೊಡ್ತೀರಿ?"

ನಾನು ಸುಳ್ಳು ಹೇಳಲಿಲ್ಲ. ಕರುವಿನ ರಕ್ತದ ತಿಳಿ ಅಂತ ಹೇಳಿದೆ. ಅಜ್ಜಿ ಮತ್ತೆ ಮಾತಾಡಲಿಲ್ಲ. ಕೈ ಬಿಟ್ಟರು.

ನಮ್ಮ ಲ್ಯಾಬ್ ಎಚ್‌ಪಿಎಲ್‌ಗೆ ಬದಲಾಗಿದ್ದು ಅಜ್ಜಿಯ ಮಾತಿನಿಂದ ಅಲ್ಲ. ರೋಗಿಗೆ ಕೊಡುವ ಉದ್ದೇಶದ ಕೋಶಕ್ಕೆ ಪ್ರಾಣಿಯ ಪ್ರೋಟೀನ್ ಸೋಕಬಾರದು ಎಂದು ನಮ್ಮ ಮುಖ್ಯಸ್ಥರು ತೀರ್ಮಾನ ಮಾಡಿದರು. ಹಸುವಿನ ಪ್ರೋಟೀನ್ ಕೋಶಕ್ಕೆ ಅಂಟಿಕೊಂಡೇ ಇರುತ್ತದೆ. ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಅದರ ಜೊತೆಗೆ ಹುಚ್ಚು ಹಸು ರೋಗದ ಪ್ರಿಯಾನ್ ಭಯ ಬೇರೆ. ಅಮೆರಿಕದಲ್ಲಿ ಈ ಜಾತಿಯ ಕೋಶದ ಚಿಕಿತ್ಸೆಗೆ ಮೊದಲ ಸಲ ಒಪ್ಪಿಗೆ ಸಿಕ್ಕಿದ್ದು 2024ರ ಡಿಸೆಂಬರ್‌ನಲ್ಲಿ. ರಯಾನ್ಸಿಲ್ ಅಂತ ಹೆಸರು. ಬೇರೆಯವರ ಮಜ್ಜೆ ಹಾಕಿಸಿಕೊಂಡ ಮಕ್ಕಳಲ್ಲಿ ಆ ಮಜ್ಜೆಯೇ ಮೈ ಮೇಲೆ ತಿರುಗಿಬಿದ್ದು ಸ್ಟೀರಾಯ್ಡಿಗೂ ಬಗ್ಗದಿದ್ದಾಗ ಕೊಡುವ ಔಷಧಿ. ಹಸು ಮತ್ತು ಹಂದಿಯ ಪ್ರೋಟೀನಿಗೆ ಅಲರ್ಜಿ ಇರುವವರಿಗೆ ಕೊಡಬಾರದು ಎಂದು ಅದರ ಲೇಬಲ್ಲಿನಲ್ಲೇ ಬರೆದಿದೆ. ಕೋಶ ತಿಂದದ್ದು ರೋಗಿಯ ತನಕ ಹೋಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಆದರೂ ನನಗೆ ತಲೆಯಲ್ಲಿ ಉಳಿದದ್ದು ಆ ಅಜ್ಜಿಯ ಪ್ರಶ್ನೆಯೇ. ಸರಿಯಾದ ಪ್ರಶ್ನೆ ಅದು.

ಇನ್ನು ಬಾಟಲಿಯ ವಿಷಯ.

ಡೆಂಗಿ ಬಂದಾಗ 'ಪ್ಲೇಟ್‌ಲೆಟ್ ಇಳಿದಿದೆ' ಅನ್ನುತ್ತಾರಲ್ಲ, ಅದೇ ಪ್ಲೇಟ್‌ಲೆಟ್. ರಕ್ತ ಹೆಪ್ಪುಗಟ್ಟಿಸುವುದು ಮಾತ್ರ ಅದರ ಕೆಲಸ ಅಲ್ಲ. ಗಾಯ ಮಾಯಿಸುವ ಸಾಮಗ್ರಿಯನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತದೆ. ಪಿಡಿಜಿಎಫ್, ಟಿಜಿಎಫ್-ಬೀಟಾ, ಇಜಿಎಫ್ ಹೀಗೆ ಕೋಶಗಳಿಗೆ 'ಬೆಳೆಯಿರಿ' ಎಂದು ಹೇಳುವ ಹತ್ತಾರು ಪ್ರೋಟೀನುಗಳು. ಬ್ಲಡ್ ಬ್ಯಾಂಕಿನಲ್ಲಿ ಪ್ಲೇಟ್‌ಲೆಟ್ ಚೀಲದ ಆಯುಸ್ಸು ಐದೇ ದಿನ. ಫ್ರಿಜ್ಜಿನಲ್ಲಿ ಇಡುವ ಹಾಗಿಲ್ಲ. 22 ಡಿಗ್ರಿಯಲ್ಲಿ, ಸತತ ಅಲುಗಾಡಿಸುತ್ತಾ ಇಡಬೇಕು. ಐದು ದಿನ ದಾಟಿದರೆ ರೋಗಿಗೆ ಏರಿಸುವಂತಿಲ್ಲ, ಎಸೆಯಬೇಕು. ಹಾಗೆ ಎಸೆಯುವ ಚೀಲವನ್ನು ಮೈನಸ್ 80ರಲ್ಲಿ ಗಟ್ಟಿ ಮಾಡಿ, 37 ಡಿಗ್ರಿಯಲ್ಲಿ ಕರಗಿಸಿ, ಇದನ್ನೇ ಎರಡು ಮೂರು ಸಲ ಮಾಡಿದರೆ ಪ್ಲೇಟ್‌ಲೆಟ್ ಒಡೆದು ಒಳಗಿನದ್ದೆಲ್ಲಾ ಹೊರಗೆ ಬರುತ್ತದೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಚೂರುಪಾರು ತೆಗೆದರೆ ಉಳಿಯುವುದೇ ಲೈಸೇಟ್. ಸ್ಟೆಮ್ ಸೆಲ್ ಬೆಳೆಸಲು ಹಸುವಿನ ಸೀರಮ್ ಬದಲಿಗೆ ಇದನ್ನು ಹಾಕಬಹುದು ಎಂದು ತೋರಿಸುವ ವರದಿಗಳು 2005ರ ಹೊತ್ತಿಗೇ ಬಂದಿದ್ದವು. ನಾವು ಅದರ ಹತ್ತಿರ ಬರಲು ಇಷ್ಟು ವರ್ಷ ಬೇಕಾಯಿತು.

ಬಾಟಲಿ ಬಂದ ಮೊದಲ ವಾರ ಒಂದು ಸರಳ ಪರೀಕ್ಷೆ ಮಾಡಿದೆ. ಒಂದೇ ಹೊಕ್ಕುಳಬಳ್ಳಿಯ ಕೋಶ, ಒಂದೇ ಪ್ಯಾಸೇಜ್ (ತುಂಬಿದ ಫ್ಲಾಸ್ಕಿನಿಂದ ಕೋಶ ಎಬ್ಬಿಸಿ ಹೊಸ ಫ್ಲಾಸ್ಕಿಗೆ ಹಾಕುವ ಒಂದೊಂದು ಸುತ್ತಿಗೆ ಪ್ಯಾಸೇಜ್ ಅನ್ನುತ್ತೇವೆ). ಎರಡು ಟಿ-75 ಫ್ಲಾಸ್ಕ್, ತಳ 75 ಚದರ ಸೆಂಟಿಮೀಟರ್. ಪ್ರತಿಯೊಂದಕ್ಕೂ ಎರಡೂಕಾಲು ಲಕ್ಷ ಕೋಶ, ಅಂದರೆ ಚದರ ಸೆಂಟಿಮೀಟರಿಗೆ 3000. ಎರಡರಲ್ಲೂ ಆಲ್ಫಾ ಎಂಇಎಂ ಎಂಬ ಮೀಡಿಯಾ. ಒಂದಕ್ಕೆ 10 ಪರ್ಸೆಂಟ್ ಎಫ್‌ಬಿಎಸ್, ಇನ್ನೊಂದಕ್ಕೆ 5 ಪರ್ಸೆಂಟ್ ಎಚ್‌ಪಿಎಲ್.

ಮೂರನೇ ದಿನ ಬೆಳಿಗ್ಗೆ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಎಚ್‌ಪಿಎಲ್ ಫ್ಲಾಸ್ಕಿನ ಕೋಶಗಳ ರೂಪವೇ ಬೇರೆ. ಎಫ್‌ಬಿಎಸ್‌ನಲ್ಲಿ ಇವು ಅಗಲವಾಗಿ, ಕೈಕಾಲು ಚಾಚಿ ಮಲಗಿರುತ್ತವೆ. ಇಲ್ಲಿ ತೆಳ್ಳಗೆ, ಉದ್ದಕ್ಕೆ, ಎರಡೂ ತುದಿ ಚೂಪು. ಒಂದರ ಪಕ್ಕ ಒಂದು, ಒಂದೇ ದಿಕ್ಕಿಗೆ ಮುಖ ಮಾಡಿ. ಹೊಳೆಯಲ್ಲಿ ನೀರಿನ ಸೆಳೆತಕ್ಕೆ ಎದುರಾಗಿ ನಿಂತ ಮೀನಿನ ಹಿಂಡು ನೋಡಿದ್ದೀರಲ್ವಾ? ಹಾಗೆ. ನಡುನಡುವೆ ಗುಂಡಗೆ ಹೊಳೆಯುವ ಜೋಡಿಗಳು. ಅವು ಎರಡಾಗುತ್ತಿರುವ ಕೋಶಗಳು. ಒಂದೇ ನೋಟದಲ್ಲಿ ಐದಾರು ಜೋಡಿ ಕಂಡವು. ಎಫ್‌ಬಿಎಸ್ ಫ್ಲಾಸ್ಕಿನಲ್ಲಿ ಅಷ್ಟೇ ಜಾಗದಲ್ಲಿ ಒಂದೋ ಎರಡೋ.

ನಾಲ್ಕನೇ ದಿನಕ್ಕೆ ಎಚ್‌ಪಿಎಲ್ ಫ್ಲಾಸ್ಕ್ ಮುಕ್ಕಾಲು ಪಾಲಿಗಿಂತ ಹೆಚ್ಚು ತುಂಬಿತು. ಎಫ್‌ಬಿಎಸ್‌ಗೆ ಏಳು ದಿನ ಬೇಕಾಯಿತು. ಕೋಶದ ಹಿಡಿತ ಬಿಡಿಸುವ ಟ್ರಿಪ್ಸಿನ್ ಎಂಜೈಮ್ ಹಾಕಿ ಎಬ್ಬಿಸಿ, ಸತ್ತ ಕೋಶಕ್ಕೆ ಮಾತ್ರ ಹಿಡಿಯುವ ಟ್ರಿಪಾನ್ ಬ್ಲೂ ಬಣ್ಣ ಬೆರೆಸಿ ಎಣಿಸಿದೆ. ಎಫ್‌ಬಿಎಸ್‌ನಿಂದ 11 ಲಕ್ಷ. ಎಚ್‌ಪಿಎಲ್‌ನಿಂದ 19 ಲಕ್ಷ. ಕೋಶ ಸಣ್ಣದಾದ್ದರಿಂದ ಅಷ್ಟೇ ಜಾಗದಲ್ಲಿ ಜಾಸ್ತಿ ಹಿಡಿಸುತ್ತವೆ. ನಾನು ಎರಡು ಸಲ ಎಣಿಸಿದೆ. ಮೂರು ತಿಂಗಳಲ್ಲಿ ಬೇರೆ ನಾಲ್ಕು ಬಳ್ಳಿಗಳಲ್ಲಿ ಇದನ್ನೇ ಮಾಡಿದೆ. ಅಂಕಿ ಹೆಚ್ಚುಕಡಿಮೆ ಆಯಿತು, ಆದರೆ ಗೆದ್ದದ್ದು ಪ್ರತಿ ಸಲವೂ ಎಚ್‌ಪಿಎಲ್.

ಒಂದು ಎಚ್ಚರ ಇಲ್ಲೇ ಹೇಳಿಬಿಡುತ್ತೇನೆ. ಎಚ್‌ಪಿಎಲ್‌ನಲ್ಲಿ ಬೆಳೆದ ಕೋಶದ ಹಿಡಿತ ಸಡಿಲ. ಟ್ರಿಪ್ಸಿನ್ ಹಾಕಿ ಐದು ನಿಮಿಷ ಟೀ ಕುಡಿದು ಬರುವ ಅಭ್ಯಾಸ ಇದ್ದವರು ಅದನ್ನು ಬಿಡಬೇಕು. ಎರಡು ನಿಮಿಷಕ್ಕೆ ಎದ್ದುಬಿಡುತ್ತವೆ. ಮತ್ತೆ ಟ್ರಿಪ್ಸಿನ್‌ನಲ್ಲೇ ಬಿಟ್ಟರೆ ಹಾಳು. ಫ್ಲಾಸ್ಕ್ ಪೂರ್ತಿ ತುಂಬುವ ತನಕ ಕಾದರೆ ಇನ್ನೊಂದು ತೊಂದರೆ. ಶನಿವಾರ ನೋಡಿ ಹೋಗಿದ್ದ ಫ್ಲಾಸ್ಕ್ ಸೋಮವಾರ ಬರುವಷ್ಟರಲ್ಲಿ ಒಂದು ಮೂಲೆಯಿಂದ ಚಾಪೆ ಸುತ್ತಿದ ಹಾಗೆ ಸುರುಳಿ ಸುತ್ತಿಕೊಂಡು ಎದ್ದಿತ್ತು. ಈಗ ನಾವು ವಾರಾಂತ್ಯ ಲೆಕ್ಕ ಹಾಕಿಯೇ ಕೋಶ ಹಾಕುತ್ತೇವೆ.

ಈಗ ಹೆಪ್ಪಿನ ಕತೆ. ಹೊಸದಾಗಿ ತಗೊಳ್ಳುವವರು ಮುಖ್ಯವಾಗಿ ಓದಬೇಕಾದ್ದು ಇದನ್ನು.

ಮೊದಲ ಮಳೆಗಾಲ, ಜೂನ್ ತಿಂಗಳು. ಹಿಂದಿನ ಸಂಜೆ ಮೀಡಿಯಾ ಬದಲಿಸಿದ್ದ ಆರು ಫ್ಲಾಸ್ಕ್‌ಗಳನ್ನು ನೋಡಲು ಇನ್‌ಕ್ಯುಬೇಟರ್ ತೆರೆದೆ. ಒಂದನ್ನು ಕೈಗೆ ತಗೊಂಡು ಓರೆ ಮಾಡಿದೆ. ಗುಲಾಬಿ ಮೀಡಿಯಾ ಹರಿಯಬೇಕಿತ್ತು. ಹರಿಯಲಿಲ್ಲ. ಹಾಲುಬಾಯಿ ತಟ್ಟೆಯನ್ನು ಓರೆ ಮಾಡಿದ ಹಾಗೆ ಇಡಿಯಾಗಿ ನಿಂತಿತು. ಅಂಚಿನಲ್ಲಿ ಸ್ವಲ್ಪ ನಡುಗಿತು, ಅಷ್ಟೇ. ಆರೂ ಹಾಗೇ. ಒಳಗೆ ಕೋಶಗಳು ಬದುಕಿದ್ದವು, ಆದರೆ ಆ ಜೆಲ್ಲಿಯ ಒಳಕ್ಕೇ ನುಗ್ಗಿ ಹಬ್ಬಿದ್ದವು. ಬಿಡಿಸಿ ತೆಗೆಯಲು ಆಗಲಿಲ್ಲ. ಎರಡು ವಾರದ ಕೆಲಸ ಹೋಯಿತು. ಆ ಹೊಕ್ಕುಳಬಳ್ಳಿ ಕೊಟ್ಟ ತಾಯಿ ಇನ್ನೊಂದು ಸಲ ಕೊಡಲು ಆಗುತ್ತದಾ? ನನಗೆ ಆ ದಿನ ಊಟ ಸೇರಲಿಲ್ಲ.

ಆಗಿದ್ದು ಇಷ್ಟು. ಪ್ಲೇಟ್‌ಲೆಟ್ ಚೀಲದಲ್ಲಿ ಪ್ಲಾಸ್ಮಾ ಇರುತ್ತದೆ. ಅದರಲ್ಲಿ ಫೈಬ್ರಿನೋಜನ್ ಇದೆ, ಗಾಯದ ಬಾಯಿಗೆ ಹೆಪ್ಪು ಕಟ್ಟುವುದು ಅದೇ. ಚೀಲದಲ್ಲಿ ಹೆಪ್ಪುಗಟ್ಟದ ಹಾಗೆ ಸಿಟ್ರೇಟ್ ಹಾಕಿ ಕ್ಯಾಲ್ಸಿಯಮ್ಮನ್ನು ಕಟ್ಟಿಟ್ಟಿರುತ್ತಾರೆ. ನಾವು ಅದನ್ನು ತಂದು ಮೀಡಿಯಾಕ್ಕೆ ಹಾಕಿದೆವು. ಮೀಡಿಯಾದಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ. 37 ಡಿಗ್ರಿ ಬಿಸಿ. ರಕ್ತ ತನ್ನ ಧರ್ಮ ಮಾಡಿತು, ಹೆಪ್ಪು ಕಟ್ಟಿತು. ಇದನ್ನು ತಡೆಯಲು ಮೀಡಿಯಾಕ್ಕೆ ಹೆಪಾರಿನ್ ಹಾಕಬೇಕು. ಒಂದು ಎಂಎಲ್‌ಗೆ 2 ಯೂನಿಟ್ ಸಾಕು. ಆ ಸಂಜೆ ಮೀಡಿಯಾ ತಯಾರಿಸಿದ ಹುಡುಗಿ ಹೊಸಬಳು. ಹೆಪಾರಿನ್ ಹಾಕಿದ್ದಳು, ಆದರೆ ಎಚ್‌ಪಿಎಲ್ ಹಾಕಿದ ಅರ್ಧ ಗಂಟೆಯ ನಂತರ. ಅವಳ ತಪ್ಪಲ್ಲ. ಕೈಬರಹದ ಪ್ರೋಟೋಕಾಲ್‌ನಲ್ಲಿ ಯಾವುದು ಮೊದಲು ಅಂತ ಬರೆದಿರಲಿಲ್ಲ. ಬಾಟಲಿಯ ಜೊತೆ ಬಂದ ಕಾಗದದಲ್ಲೂ 'ಹೆಪಾರಿನ್ ಸೇರಿಸಿ' ಅಂತ ಒಂದೇ ಸಾಲು ಇತ್ತು. ಈಗ ಹುಡ್‌ನ (ನಾವು ಕೋಶದ ಕೆಲಸ ಮಾಡುವ ಶುದ್ಧಗಾಳಿಯ ಪೆಟ್ಟಿಗೆ) ಗಾಜಿಗೆ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ಬರೆದು ಅಂಟಿಸಿದ್ದೇನೆ: 'ಮೊದಲು ಹೆಪಾರಿನ್. ಚೆನ್ನಾಗಿ ಬೆರೆಸಿ. ಆಮೇಲೆ ಲೈಸೇಟ್.' ಅದಾದ ಮೇಲೆ ಒಂದು ಸಲವೂ ಹೆಪ್ಪುಗಟ್ಟಿಲ್ಲ.

ಫೈಬ್ರಿನೋಜನ್ ತೆಗೆದ ಎಚ್‌ಪಿಎಲ್ ಕೂಡ ಸಿಗುತ್ತದೆ. ಹೆಪಾರಿನ್ ಬೇಡ. ಬೆಲೆ ಜಾಸ್ತಿ. ಮೂರನೇ ಕಂಪನಿಯಿಂದ ನಾವು ತರಿಸಿದ್ದು ಅದನ್ನೇ, ಈಗಲೂ ಬಳಸುತ್ತಿರುವುದು ಅದನ್ನೇ. ಕಾರಣ ಸೋಮಾರಿತನ ಅಲ್ಲ. ಹೆಪಾರಿನ್ ಹೆಚ್ಚಾಗಿ ತಯಾರಾಗುವುದು ಹಂದಿಯ ಕರುಳಿನ ಒಳಪದರದಿಂದ. ಹಸುವಿನದ್ದು ಬೇಡ ಎಂದು ಇಷ್ಟೆಲ್ಲಾ ಮಾಡಿ, ಹಿಂಬಾಗಿಲಿನಿಂದ ಹಂದಿಯದ್ದು ತಂದರೆ ಏನು ಬಂತು? 'ಪ್ರಾಣಿಮುಕ್ತ' ಎಂದು ದೊಡ್ಡದಾಗಿ ಬರೆದ ಬಾಟಲಿ ಕೊಳ್ಳುವವರು ಜೊತೆಗೆ ಹೆಪಾರಿನ್ ಬೇಕಾ ಎಂದು ಕೇಳಿ. ಟ್ರಿಪ್ಸಿನ್ ಕೂಡ ಸಾಮಾನ್ಯವಾಗಿ ಹಂದಿಯ ಮೇದೋಜೀರಕದ್ದೇ. ಅದಕ್ಕೆ ಪ್ರಾಣಿಯಿಂದ ತೆಗೆಯದ ಎಂಜೈಮ್ ಸಿಗುತ್ತದೆ, ಕಳೆದ ವರ್ಷ ಅದಕ್ಕೂ ಬದಲಾದೆವು.

ಇನ್ನೊಂದು ಗಾಬರಿ ಬೀಳಿಸುವ ವಿಷಯ, ಕಣಗಳು. ಕರಗಿಸಿದ ಎಚ್‌ಪಿಎಲ್‌ನಲ್ಲಿ ಸಣ್ಣ ಸಣ್ಣ ಚೂರು ತೇಲುತ್ತವೆ. ಮೀಡಿಯಾದಲ್ಲಿ ಕಪ್ಪು ಚುಕ್ಕಿಯ ಹಾಗೆ ನಡುಗುತ್ತಾ ಕಾಣುತ್ತವೆ. ನಮ್ಮೂರ ಮಳೆಗಾಲದಲ್ಲಿ ಲ್ಯಾಬಿನ ಗೋಡೆ ಬೆವರುತ್ತದೆ, ಶೂ ಒಳಗೆ ಬೂಸ್ಟು ಬರುತ್ತದೆ. ಅಂಥ ದಿನದಲ್ಲಿ ಫ್ಲಾಸ್ಕಿನಲ್ಲಿ ಚುಕ್ಕಿ ಕಂಡರೆ ಎದೆ ಧಸಕ್ ಅನ್ನುತ್ತದೆ. ನಾನು ಗುರುತಿಸುವ ರೀತಿ ಹೇಳುತ್ತೇನೆ. ಯೀಸ್ಟ್ ಆದರೆ ಗುಂಡಗೆ, ಒಂದಕ್ಕೊಂದು ಅಂಟಿ ಮಣಿಸರದ ಹಾಗೆ, ಮೊಗ್ಗು ಬಿಟ್ಟಿರುತ್ತದೆ. ಮಾರನೇ ದಿನ ದುಪ್ಪಟ್ಟಿಗಿಂತ ಜಾಸ್ತಿ. ಲೈಸೇಟಿನ ಚೂರಿಗೆ ಒಂದೇ ಆಕಾರ ಇಲ್ಲ, ಮಾರನೇ ದಿನವೂ ಅಷ್ಟೇ ಇರುತ್ತದೆ. ಅನುಮಾನ ಇದ್ದರೆ ಕೋಶ ಇಲ್ಲದ ಖಾಲಿ ಫ್ಲಾಸ್ಕಿಗೆ ಅದೇ ಮೀಡಿಯಾ ಹಾಕಿ ಎರಡು ದಿನ ಪಕ್ಕದಲ್ಲೇ ಇಡಿ. ಫಿಲ್ಟರ್ ಮಾಡುತ್ತೇನೆ ಅನ್ನುವವರಿಗೆ ಒಂದು ಮಾತು. ನೇರ 0.22 ಮೈಕ್ರಾನ್ ರಂಧ್ರದ ಫಿಲ್ಟರಿಗೆ ಹಾಕಿದರೆ ಹತ್ತು ಎಂಎಲ್‌ಗೇ ಕಟ್ಟಿಕೊಳ್ಳುತ್ತದೆ. ಮೊದಲು ಒಂದು ಸಲ ಸ್ಪಿನ್ ಮಾಡಿ, ಮೇಲಿನ ತಿಳಿ ಮಾತ್ರ ತಗೊಳ್ಳಿ.

ಲಾಟ್ ವಿಷಯದಲ್ಲಿ ನಮಗೆ ಪೆಟ್ಟು ಬಿದ್ದಿದೆ. ಮೊದಲ ಕಂಪನಿಯ ಮೊದಲ ಲಾಟ್ ಚಿನ್ನದ ಹಾಗಿತ್ತು. ಅದೇ ಕಂಪನಿಯ ಎರಡನೇ ಲಾಟ್‌ನಲ್ಲಿ ಫ್ಲಾಸ್ಕ್ ತುಂಬಲು ನಾಲ್ಕರ ಬದಲು ಆರು ದಿನ. ಕೋಶವೂ ಅಗಲ. ಫೋನ್ ಮಾಡಿ ಕೇಳಿದರೆ ಲಾಟ್ ಸರ್ಟಿಫಿಕೇಟಿನಲ್ಲಿ ಎಲ್ಲಾ ಸರಿಯಿದೆ ಎಂದರು. ಸರ್ಟಿಫಿಕೇಟಿನಲ್ಲಿ ಇದ್ದದ್ದು ಪಿಎಚ್, ಪ್ರೋಟೀನ್ ಪ್ರಮಾಣ, ಸೂಕ್ಷ್ಮಜೀವಿ ಪರೀಕ್ಷೆ. ಕೋಶ ಬೆಳೆಸಿ ನೋಡಿದ ಫಲಿತಾಂಶವೇ ಇರಲಿಲ್ಲ. ಎಷ್ಟು ದಾನಿಗಳ ಚೀಲ ಸೇರಿಸಿದ್ದಾರೆ ಅನ್ನುವುದೂ ಇರಲಿಲ್ಲ. ಜಾಸ್ತಿ ದಾನಿಗಳದ್ದು ಸೇರಿಸಿದಷ್ಟೂ ಏರುಪೇರು ಕಡಿಮೆ. ಈಗ ನಾವು ಸ್ಯಾಂಪಲ್ ತರಿಸಿ, ನಮ್ಮ ಕೋಶದ ಮೇಲೆ ಎರಡು ಪ್ಯಾಸೇಜ್ ಪರೀಕ್ಷಿಸಿ, ಹಿಡಿಸಿದರೆ ಅದೇ ಲಾಟ್‌ನ ವರ್ಷದ ಬಾಟಲಿಗಳನ್ನು ಒಟ್ಟಿಗೆ ಕಾದಿರಿಸುತ್ತೇವೆ. ಸ್ಯಾಂಪಲ್ ಕೊಡಲ್ಲ ಅನ್ನುವ ಕಂಪನಿಯ ಕಡೆ ತಿರುಗಿಯೂ ನೋಡುವುದಿಲ್ಲ.

ಸಾಗಾಟದ ಕತೆ ಬೇರೆ. ಬೆಂಗಳೂರಿನಿಂದ ಡ್ರೈ ಐಸ್‌ನಲ್ಲಿ ಬರಬೇಕು. ಎರಡನೇ ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಯಿತು. ಪಾರ್ಸೆಲ್ ಎಲ್ಲೋ ಮಧ್ಯದಲ್ಲಿ ಮೂರು ದಿನ ಕೂತಿತು. ನಮ್ಮ ಕೈಗೆ ಬರುವಷ್ಟರಲ್ಲಿ ಡ್ರೈ ಐಸ್ ಒಂದು ಚೂರೂ ಉಳಿದಿರಲಿಲ್ಲ. ಬಾಟಲಿ ನೀರಾಗಿ, ಕೈಗೆ ಬೆಚ್ಚಗೆ ತಾಗುತ್ತಿತ್ತು. ಗುಡ್ಡ ಜರಿದಿದ್ದು ಯಾರ ತಪ್ಪೂ ಅಲ್ಲ. ಆದರೆ ಡೀಲರ್ 'ಬಳಸಿ ನೋಡಿ ಮೇಡಂ, ಏನೂ ಆಗಲ್ಲ' ಎಂದದ್ದು ನನಗೆ ಬಹಳ ಬೇಸರ ತಂದಿತು. ರೋಗಿಯ ಮೈಗೆ ಸೇರಬಹುದಾದ ಕೋಶಕ್ಕೆ ಹಾಕುವ ವಸ್ತು ಅದು. ಬದಲಿ ಬಾಟಲಿ ಬರಲು ಎರಡು ತಿಂಗಳು, ಹನ್ನೊಂದು ಇಮೇಲ್ ಬೇಕಾದವು. ಕರಗಿ ಬಂದ ಬಾಟಲಿಯನ್ನು ನಾವು ವಿದ್ಯಾರ್ಥಿಗಳ ತರಬೇತಿಗೆ ಮಾತ್ರ ಬಳಸಿದೆವು. ಕರಾವಳಿಯವರು, ಮಲೆನಾಡಿನವರು ಆರ್ಡರ್ ಮಾಡುವಾಗ ಪಾರ್ಸೆಲ್ ಒಳಗೆ ಉಷ್ಣತೆ ಗುರುತಿಸುವ ಚೀಟಿ ಇಡುತ್ತಾರಾ, ಕರಗಿ ಬಂದರೆ ಬದಲಿ ಕೊಡುತ್ತಾರಾ ಎಂದು ಲಿಖಿತವಾಗಿ ಕೇಳಿಕೊಳ್ಳಿ. ಬಂದ ದಿನವೇ 25 ಎಂಎಲ್‌ನ ಟ್ಯೂಬುಗಳಿಗೆ ಹಂಚಿ ಫ್ರೀಜ್ ಮಾಡಿ. ಒಂದೇ ಬಾಟಲಿಯನ್ನು ಮತ್ತೆ ಮತ್ತೆ ಕರಗಿಸಿ ಗಟ್ಟಿ ಮಾಡಬೇಡಿ.

ಆ ಎರಡು ತಿಂಗಳು ನಾವು ನಮ್ಮದೇ ಲೈಸೇಟ್ ಮೇಲೆ ನಡೆದೆವು. ನಮ್ಮ ಬ್ಲಡ್ ಬ್ಯಾಂಕಿನಿಂದ ಅವಧಿ ಮುಗಿದ ಚೀಲಗಳು. ಎಥಿಕ್ಸ್ ಕಮಿಟಿಯ ಒಪ್ಪಿಗೆ ಇದೆ. ಪ್ರತಿ ಚೀಲಕ್ಕೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಮೊದಲೇ ಆಗಿರುತ್ತದೆ. ಒಂದು ಚೀಲದಲ್ಲಿ ಸಿಗುವುದು 50ರಿಂದ 70 ಎಂಎಲ್. ಹತ್ತು ಹನ್ನೆರಡು ಚೀಲ ಸೇರಿಸಿ ಒಂದು ಬ್ಯಾಚ್. ಖರ್ಚು ತೀರಾ ಕಡಿಮೆ. ಕೋಶಗಳೂ ಚೆನ್ನಾಗಿಯೇ ಬೆಳೆದವು.

ಆದರೆ ಜುಲೈ ಬಂತು, ಡೆಂಗಿ ಶುರುವಾಯಿತು. ಬ್ಲಡ್ ಬ್ಯಾಂಕಿನ ಎದುರು ರಾತ್ರಿ ಹನ್ನೊಂದಕ್ಕೂ ಜನ ಕಾಯುತ್ತಿದ್ದರು. ಒಂದು ಚೀಲವೂ ಅವಧಿ ಮುಗಿಯುವ ತನಕ ಉಳಿಯಲಿಲ್ಲ. ನಾನು ಕೇಳಲು ಹೋಗಿದ್ದೆ. ಅಲ್ಲಿ ಒಬ್ಬ ಅಪ್ಪ ಕೈಯಲ್ಲಿ ಚೀಟಿ ಹಿಡಿದು ಗೋಡೆಗೆ ಒರಗಿ ನಿಂತಿದ್ದರು. ಕೇಳದೇ ವಾಪಸ್ ಬಂದೆ. ಆ ಚೀಲಗಳು ಹೋಗಬೇಕಾದ ಕಡೆಗೇ ಹೋಗುತ್ತಿದ್ದವು. ಆ ತಿಂಗಳು ನಾವು ಹೊಸ ಬಳ್ಳಿ ತಗೊಳ್ಳಲಿಲ್ಲ, ಇದ್ದ ಕೋಶಗಳನ್ನು ದ್ರವ ಸಾರಜನಕದಲ್ಲಿ ಮೈನಸ್ 196ಕ್ಕೆ ಇಟ್ಟು ಕಾದೆವು. ಹಾಗಾಗಿ ಸ್ವಂತ ಲೈಸೇಟನ್ನೇ ನಂಬಿ ಕೂರಬೇಡಿ ಎಂದು ಹೇಳುತ್ತೇನೆ. ಮಾಡಲು ಕಲಿತಿರಿ, ಡಿಸೆಂಬರ್ ಜನವರಿಯಲ್ಲಿ ಚೀಲ ಉಳಿದಾಗ ಮಾಡಿಡಿ.

ಬೆಳೆದ ಕೋಶ ನಿಜಕ್ಕೂ ನಮಗೆ ಬೇಕಾದದ್ದೇನಾ? ವೇಗ ನೋಡಿ ಮರುಳಾಗುವ ಮೊದಲು ಇದನ್ನು ಕೇಳಬೇಕು. ಮಾಸ್ಕೋದ ಫ್ರೀಡೆನ್‌ಸ್ಟೈನ್ ಗಿನಿಯಿಲಿಯ ಮಜ್ಜೆಯಿಂದ ಇಂಥ ಅಂಟುವ ಕೋಶಗಳ ಗುಂಪನ್ನು ಬೆಳೆಸಿ ತೋರಿಸಿದ್ದು 1970ರಲ್ಲಿ. ಅರ್ನಾಲ್ಡ್ ಕ್ಯಾಪ್ಲನ್ 1991ರಲ್ಲಿ ಮೆಸೆಂಕೈಮಲ್ ಸ್ಟೆಮ್ ಸೆಲ್ ಎಂದು ಹೆಸರಿಟ್ಟರು. 2017ರಲ್ಲಿ ಈ ಹೆಸರು ಬದಲಿಸಬೇಕು ಎಂದು ಬರೆದದ್ದೂ ಅವರೇ. ಈ ಕೋಶಗಳು ಹೊಸ ಅಂಗಾಂಶವಾಗಿ ಬೆಳೆಯುವುದಕ್ಕಿಂತ ಸುತ್ತಲಿನ ಕೋಶಗಳಿಗೆ ಔಷಧಿಯಂಥ ಸಂಕೇತ ಕಳಿಸುತ್ತವೆ ಅನ್ನುವುದು ಅವರ ವಾದ. ಹೆಸರು ಏನೇ ಇರಲಿ, 2006ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯೊಂದು ಗೊತ್ತು ಮಾಡಿದ ಮೂರು ಗುರುತುಗಳನ್ನು ನಾವು ಇವತ್ತಿಗೂ ನೋಡುತ್ತೇವೆ. ಪ್ಲಾಸ್ಟಿಕ್ಕಿಗೆ ಅಂಟಬೇಕು. ಮೇಲ್ಮೈಯಲ್ಲಿ ಸಿಡಿ73, ಸಿಡಿ90, ಸಿಡಿ105 ಎಂಬ ಪ್ರೋಟೀನುಗಳು ಶೇ. 95ಕ್ಕಿಂತ ಹೆಚ್ಚು ಕೋಶಗಳಲ್ಲಿ ಇರಬೇಕು, ಸಿಡಿ34, ಸಿಡಿ45ರಂಥ ರಕ್ತಕೋಶದ ಗುರುತು ಶೇ. 2ಕ್ಕಿಂತ ಜಾಸ್ತಿ ಇರಬಾರದು. ಮೂಳೆ, ಕೊಬ್ಬು, ಕಾರ್ಟಿಲೇಜ್ ಮೂರೂ ಆಗಬೇಕು.

ಎಚ್‌ಪಿಎಲ್ ಕೋಶಗಳು ನಮ್ಮಲ್ಲಿ ಮೊದಲ ಎರಡರಲ್ಲಿ ಸಲೀಸಾಗಿ ಪಾಸಾದವು. ಮೂಳೆ ಪರೀಕ್ಷೆಯಲ್ಲಿ 21ನೇ ದಿನ ಕ್ಯಾಲ್ಸಿಯಂಗೆ ಅಂಟುವ ಅಲಿಜರಿನ್ ರೆಡ್ ಬಣ್ಣ ಹಾಕಿದಾಗ ಬಾವಿಯ, ಅಂದರೆ ಪ್ಲೇಟಿನ ಗುಳಿಯ, ತಳವೆಲ್ಲಾ ಕುಂಕುಮ ಚೆಲ್ಲಿದ ಹಾಗೆ ಕೆಂಪಾಯಿತು. ನಮ್ಮ ಆರು ಬಾವಿಯ ಪ್ಲೇಟಿನಲ್ಲಿ ಅಷ್ಟು ಗಾಢ ಕೆಂಪು ಎಫ್‌ಬಿಎಸ್ ಕೋಶಕ್ಕೆ ಬಂದಿರಲಿಲ್ಲ. ಕೊಬ್ಬಿನಲ್ಲಿ ಮಾತ್ರ ಸ್ವಲ್ಪ ಹಿಂದೆ. ಕೊಬ್ಬಿಗೆ ಬಣ್ಣ ಕೊಡುವ ಆಯಿಲ್ ರೆಡ್ ಓ ಹಾಕಿದರೆ ಎಣ್ಣೆ ಹನಿಗಳು ಕಡಿಮೆ, ಸಣ್ಣ. ಕೊಬ್ಬಿನ ಕೋಶದ ಮೇಲೆಯೇ ಸಂಶೋಧನೆ ಮಾಡುವವರು ಮೊದಲು ಪರೀಕ್ಷಿಸಿಕೊಳ್ಳಿ.

ವಯಸ್ಸಿನ ಲೆಕ್ಕದಲ್ಲೂ ಮೋಸ ಹೋಗಬೇಡಿ. ಎಲ್ಲರೂ 'ಪಿ4 ಕೋಶ' ಅಂತ ಪ್ಯಾಸೇಜ್ ಎಣಿಸುತ್ತಾರೆ. ಮೇಲೆ ಕೊಟ್ಟ ಅಂಕಿಯನ್ನೇ ನೋಡಿ. ಎರಡೂಕಾಲು ಲಕ್ಷ 11 ಲಕ್ಷ ಆಗಬೇಕಾದರೆ ಎರಡಕ್ಕಿಂತ ಸ್ವಲ್ಪ ಹೆಚ್ಚು ಸಲ ದುಪ್ಪಟ್ಟಾಗಬೇಕು. 19 ಲಕ್ಷಕ್ಕೆ ಮೂರು ಸಲ. ನಾಲ್ಕು ಪ್ಯಾಸೇಜ್ ಆಗುವಷ್ಟರಲ್ಲಿ ಒಂದು ಒಂಬತ್ತು ಸಲ ದುಪ್ಪಟ್ಟಾಗಿರುತ್ತದೆ, ಇನ್ನೊಂದು ಹನ್ನೆರಡು ಸಲ. ಡಬ್ಬಿಯ ಮೇಲೆ ಎರಡಕ್ಕೂ ಪಿ4 ಅಂತಲೇ ಇರುತ್ತದೆ. ಈ ಕೋಶಗಳಿಗೂ ಮುಪ್ಪಿದೆ. ಅದಕ್ಕೇ ನಮ್ಮ ಪುಸ್ತಕದಲ್ಲಿ ಈಗ ಪ್ಯಾಸೇಜ್ ಪಕ್ಕದಲ್ಲಿ ಎಷ್ಟು ಸಲ ದುಪ್ಪಟ್ಟಾಯಿತು ಅನ್ನುವ ಕಾಲಂ ಕೂಡ ಇದೆ.

ಲ್ಯಾಬಿನ ಹೊರಗಿನವರಿಗೆ ಒಂದು ಮಾತು. ಪುತ್ತೂರಿನಲ್ಲಿರುವ ನನ್ನ ದೊಡ್ಡಮ್ಮನಿಗೆ ಮೊಣಕಾಲು ನೋವು. ಯಾವುದೋ ಕ್ಲಿನಿಕ್ಕಿನಲ್ಲಿ 'ಸ್ಟೆಮ್ ಸೆಲ್ ಇಂಜೆಕ್ಷನ್' ಎಂದು ಹೇಳಿ ದುಡ್ಡು ಕೇಳಿದ್ದರು. ಫೋನಿನಲ್ಲಿ ನಾನು ವಿವರ ಕೇಳಿದೆ. ದೊಡ್ಡಮ್ಮನ ಕೈಯಿಂದಲೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಅರ್ಧ ಗಂಟೆಯಲ್ಲಿ ಮೊಣಕಾಲಿಗೆ ಚುಚ್ಚುತ್ತಾರಂತೆ. "ದೊಡ್ಡಮ್ಮಾ, ಅದು ಸ್ಟೆಮ್ ಸೆಲ್ ಅಲ್ಲ. ಅದು ನಿಮ್ಮದೇ ಪ್ಲೇಟ್‌ಲೆಟ್. ಪಿಆರ್‌ಪಿ ಅಂತಾರೆ" ಎಂದೆ. ಪ್ಲೇಟ್‌ಲೆಟ್ ಸ್ಟೆಮ್ ಸೆಲ್‌ಗೆ ಊಟವಾಗಬಹುದು, ಆದರೆ ಅದೇ ಸ್ಟೆಮ್ ಸೆಲ್ ಅಲ್ಲ. ಸ್ಟೆಮ್ ಸೆಲ್ ಅರ್ಧ ಗಂಟೆಯಲ್ಲಿ ಬೆಳೆಯುವುದಿಲ್ಲ, ವಾರಗಳು ಬೇಕು. ನಮ್ಮ ದೇಶದಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಲ್ಲಿ ಇದನ್ನು ಸ್ಪಷ್ಟ ಮಾಡಿದೆ. ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿಯಂಥ ಚಿಕಿತ್ಸೆ ಬಿಟ್ಟರೆ ಉಳಿದದ್ದು ಒಪ್ಪಿಗೆ ಪಡೆದ ಪ್ರಯೋಗದಲ್ಲಿ ಮಾತ್ರ ನಡೆಯಬೇಕು. ಆಮೇಲೆ ಪರೀಕ್ಷೆಗಳನ್ನು ದಾಟಿ ಒಪ್ಪಿಗೆ ಪಡೆದದ್ದೂ ಇದೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ ಆರೋಗ್ಯವಂತ ದಾನಿಗಳ ಮಜ್ಜೆಯಿಂದ ಬೆಳೆಸಿದ ಕೋಶಕ್ಕೆ 2022ರಲ್ಲಿ ಮೊಣಕಾಲು ಸವೆತಕ್ಕೆ ಬಳಸಲು ಒಪ್ಪಿಗೆ ಸಿಕ್ಕಿದೆ. ನಮ್ಮ ರಾಜ್ಯದಲ್ಲೇ ಆದ ಕೆಲಸ ಎಂದು ನನಗೆ ಹೆಮ್ಮೆ ಇದೆ. ನಿಮಗೆ ಯಾರಾದರೂ ಸ್ಟೆಮ್ ಸೆಲ್ ಕೊಡುತ್ತೇವೆ ಎಂದರೆ ಯಾರ ಕೋಶ, ಯಾವ ಲ್ಯಾಬಿನಲ್ಲಿ ಬೆಳೆಸಿದ್ದು, ಯಾರ ಒಪ್ಪಿಗೆ ಇದೆ, ಏನು ಹಾಕಿ ಬೆಳೆಸಿದ್ದಾರೆ ಎಂದು ಕೇಳಿ. ಕೇಳಲು ನಾಚಿಕೆ ಬೇಡ.

ಬೆಲೆ. ಒಂದು ಎಂಎಲ್ ಲೆಕ್ಕದಲ್ಲಿ ನಮಗೆ ಎಚ್‌ಪಿಎಲ್ ಎಫ್‌ಬಿಎಸ್‌ಗಿಂತ ದುಬಾರಿ ಬಿದ್ದಿತು. ಆದರೆ ಹಾಕುವುದು ಅರ್ಧ, ಫ್ಲಾಸ್ಕ್ ತುಂಬುವುದು ಬೇಗ, ಮೀಡಿಯಾ ಬದಲಿಸುವುದೂ ಕಡಿಮೆ. ಹತ್ತು ಲಕ್ಷ ಕೋಶಕ್ಕೆ ಎಷ್ಟು ಖರ್ಚು ಎಂದು ಲೆಕ್ಕ ಹಾಕಿದಾಗ ಫೈಬ್ರಿನೋಜನ್ ಇರುವ ಬಾಟಲಿ ಎಫ್‌ಬಿಎಸ್‌ಗಿಂತ ಅಗ್ಗವೇ ಆಯಿತು, ತೆಗೆದದ್ದು ಸ್ವಲ್ಪ ದುಬಾರಿ. ಬರೀ ಕಲಿಯಲು ಕೋಶ ಬೆಳೆಸುವ ಕಾಲೇಜುಗಳಿಗೆ ಸ್ವಂತ ಲೈಸೇಟ್ ಸಾಕು. ರೋಗಿಯ ಕಡೆಗೆ ಹೋಗುವ ದಾರಿಯಲ್ಲಿರುವ ಲ್ಯಾಬ್ ಆದರೆ ಫೈಬ್ರಿನೋಜನ್ ತೆಗೆದದ್ದನ್ನೇ ತಗೊಳ್ಳಿ, ಬೇರೆ ಎಲ್ಲಾದರೂ ಖರ್ಚು ಉಳಿಸಿ. ಹಳೆಯ ಪ್ರಯೋಗವನ್ನು ಎಫ್‌ಬಿಎಸ್‌ನಲ್ಲಿ ಅರ್ಧ ಮುಗಿಸಿದವರು ಮಧ್ಯದಲ್ಲಿ ಬದಲಾಗಬೇಡಿ, ಹೋಲಿಕೆ ಕೆಡುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಲಾಟ್‌ನ ಏರುಪೇರಿಗೆ ಮತ್ತು ಅದನ್ನು ಮುಚ್ಚಿಡುವ ಸರ್ಟಿಫಿಕೇಟುಗಳಿಗೆ.

ಈ ವರ್ಷದ ಲಾಟ್ ಪರೀಕ್ಷೆ ಹೋದ ವಾರ ಮುಗಿಯಿತು. ನಾಲ್ಕೂವರೆ ದಿನಕ್ಕೆ ಫ್ಲಾಸ್ಕ್ ತುಂಬಿತು, ಕೋಶ ತೆಳ್ಳಗಿವೆ. ಹನ್ನೆರಡು ಬಾಟಲಿ ಕಾದಿರಿಸಲು ಹೇಳಿದ್ದೇನೆ. ಮೇ ಮುಗಿಯುವುದರೊಳಗೆ, ಘಾಟಿಯಲ್ಲಿ ಮಳೆ ಹಿಡಿಯುವ ಮೊದಲೇ ಕಳಿಸಿ ಅಂತ ಆರ್ಡರ್ ಮೇಲೆ ಬರೆದಿದ್ದೇನೆ.